ಮಹಿಳಾ ಪೊಲೀಸ್ ಇಲ್ಲದಿದ್ದರೆ ಪುರುಷರೇ ಮೈ ಶೋಧಿಸಬಹುದೇ?

'ಮಹಿಳಾ ಸಿಬ್ಬಂದಿ ಇಲ್ಲದಿದ್ದರೆ ಪುರುಷ ಪೊಲೀಸರೇ ಹೆಂಗಸರ ಮೈ ಶೋಧಿಸಬಹುದು, ಹೊಸ ಕಾನೂನಿನಲ್ಲಿ ಅವಕಾಶವಿದೆ' ಎಂಬ ಸಂದೇಶ ಆಗಾಗ ತಲೆಯೆತ್ತುತ್ತದೆ. ಇದು ತಪ್ಪು. ಹಂಚುವವರು ಹೆಚ್ಚಾಗಿ ಕಾಳಜಿಯಿಂದಲೇ ಹಂಚುತ್ತಾರೆ, ಆ ಮಾತು ಬೇರೆ.

ಆ ಹೊಸ ಕಾನೂನು ಎಂದರೆ ಬಂಧನ, ಶೋಧ, ತನಿಖೆಯ ಕ್ರಮ ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 49ನೇ ಸೆಕ್ಷನ್ ಪ್ರಕಾರ ಮಹಿಳೆಯನ್ನು ಇನ್ನೊಬ್ಬ ಮಹಿಳೆಯೇ, ಸಭ್ಯತೆಗೆ ಕಿಂಚಿತ್ತೂ ಕುಂದು ಬಾರದಂತೆ ಶೋಧಿಸಬೇಕು. ಗಮನಿಸಿ, ಆಕೆ ಪೊಲೀಸೇ ಆಗಿರಬೇಕೆಂದು ಅಲ್ಲಿ ಹೇಳಿಲ್ಲ. ಹಾಗಾಗಿ 'ಸಿಬ್ಬಂದಿ ಇಲ್ಲ' ಎಂಬ ನೆಪ ನಿಲ್ಲುವುದಿಲ್ಲ. ಇದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 51ನೇ ಸೆಕ್ಷನ್‌ನಲ್ಲೂ ಇದೇ ನಿಯಮವಿತ್ತು. ಬಂಧಿತರು ಯಾರೇ ಆಗಿರಲಿ, ಶೋಧದಲ್ಲಿ ವಶಪಡಿಸಿಕೊಂಡ ಉಂಗುರ, ಪರ್ಸ್, ಮೊಬೈಲ್ ಎಲ್ಲವನ್ನೂ ನಮೂದಿಸಿದ ರಸೀದಿ ಅವರ ಕೈಸೇರಬೇಕು. ಈ ರಸೀದಿಯನ್ನು ಕೇಳುವವರೇ ಕಡಿಮೆ. ವೈದ್ಯಕೀಯ ಪರೀಕ್ಷೆಯಾದರೆ ಅದು ನೋಂದಾಯಿತ ವೈದ್ಯರ ಕೆಲಸ, ಪೊಲೀಸರದ್ದಲ್ಲ.

ಇಂಥ ಸಂದೇಶ ಬಂದರೆ ಮೊದಲು ಸೆಕ್ಷನ್ ಸಂಖ್ಯೆ ಇದೆಯೇ ನೋಡಿ. ಇದ್ದರೆ ಕೇಂದ್ರ ಸರ್ಕಾರದ 'ಇಂಡಿಯಾ ಕೋಡ್' ಜಾಲತಾಣದಲ್ಲಿ ಕಾಯ್ದೆಯ ಮೂಲಪಠ್ಯ ತೆರೆದು ಹೋಲಿಸಿ. ಎರಡು ನಿಮಿಷದ ಕೆಲಸ, ದುಡ್ಡೂ ಬೇಕಿಲ್ಲ.

ನಿಯಮ ಮೀರಿ ಶೋಧ ನಡೆದಿದ್ದರೆ ದಿನಾಂಕ, ಸಮಯ, ಅಧಿಕಾರಿಯ ನಾಮಫಲಕದಲ್ಲಿದ್ದ ಹೆಸರು ಬರೆದಿಟ್ಟುಕೊಂಡು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು ಕೊಡಬಹುದು. ಬಂಧಿತರು ಮ್ಯಾಜಿಸ್ಟ್ರೇಟರ ಮುಂದೆ ಹಾಜರಾದಾಗಲೇ ಅದನ್ನು ಹೇಳಬಹುದು.