ಗಾಯತ್ರಿ ಕೇಳಿಸಿತು, ಇನ್ನು ಊಟದ ಚಿಂತೆಯಿಲ್ಲ

ಬಾಲಿಗೆ ಹೊರಡುವ ಮುಂಚೆಯೇ ನಮ್ಮ ಸೋದರಮಾವ ಒಂದು ತರ್ಕ ಮಂಡಿಸಿದ್ದರು. ಬಾಲಿಯವರು ಹಿಂದೂಗಳು. ಹಿಂದೂಗಳಿದ್ದಲ್ಲಿ ದೇವಸ್ಥಾನವಿರುತ್ತದೆ. ದೇವಸ್ಥಾನವಿದ್ದಲ್ಲಿ ಪುಳಿಯೋಗರೆ ಇದ್ದೇ ಇರುತ್ತದೆ. ಇಷ್ಟು ಹೇಳಿ, ನನ್ನ ಹೆಂಡತಿ ಸೂಟ್‌ಕೇಸಿಗೆ ತುರುಕಿದ್ದ ಅವಲಕ್ಕಿ, ಚಟ್ನಿಪುಡಿಗಳನ್ನು ಹೊರಗೆ ತೆಗೆಸಿ ಆ ಜಾಗದಲ್ಲಿ ತಮ್ಮ ವಾಕಿಂಗ್ ಶೂ ಇಟ್ಟುಕೊಂಡರು. ಬೆಂಗಳೂರಿನಿಂದ ನೇರ ವಿಮಾನವಿರುವ ಊರು ಪರದೇಶವೇ ಅಲ್ಲ ಎಂಬುದು ಅವರ ಇನ್ನೊಂದು ವಾದ.

ಡೆನ್‌ಪಸಾರ್‌ನಲ್ಲಿ ಮೊದಲ ಬೆಳಿಗ್ಗೆ ಆರು ಗಂಟೆಗೆ ಎಲ್ಲಿಂದಲೋ ಧ್ವನಿವರ್ಧಕದಲ್ಲಿ ಗಾಯತ್ರಿ ಮಂತ್ರ ತೇಲಿಬಂತು. ಅಲ್ಲಿ ದಿನಕ್ಕೆ ಮೂರು ಹೊತ್ತು ತ್ರಿಸಂಧ್ಯಾ ಪ್ರಾರ್ಥನೆ ಕೇಳಿಸುತ್ತದೆ, ಅದು ಶುರುವಾಗುವುದೇ ಗಾಯತ್ರಿಯಿಂದ. ಉಚ್ಚಾರ ಬಾಲಿಯದ್ದು, ರಾಗವೂ ಬಾಲಿಯದ್ದು. ಮಾವ ಮಂಚದ ಮೇಲೆ ಎದ್ದು ಕುಳಿತು, ನನ್ನತ್ತ ಗೆದ್ದ ನಗೆ ಬೀರಿದರು. ಕರಾವಳಿಯ ಸಾರಸ್ವತರು ಗಾಯತ್ರಿಯನ್ನೂ ಬಂಗುಡೆಯನ್ನೂ ಒಂದೇ ಮನೆಯಲ್ಲಿ ಶತಮಾನಗಳಿಂದ ಸಂಭಾಳಿಸಿಕೊಂಡು ಬಂದಿದ್ದಾರೆ ಎಂದು ನೆನಪಿಸಬೇಕು ಅನ್ನಿಸಿತು. ಬೆಳಗ್ಗೆ ಬೆಳಗ್ಗೆಯೇ ಜಗಳ ಬೇಡವೆಂದು ಸುಮ್ಮನಾದೆ.

ಅಂದು ಭಾನುವಾರ. ರೆನೊನ್ ಮೈದಾನದ ಸುತ್ತಲ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ವಾಹನಗಳಿಗೆ ರಜೆ. ಇಡೀ ಊರು ಅಲ್ಲಿಗೆ ಇಳಿದಿತ್ತು. ಓಡುವವರು, ಓಡುವಂತೆ ನಟಿಸಿ ಫೋಟೊ ತೆಗೆಸಿಕೊಳ್ಳುವವರು, ಬಲೆಯಿಲ್ಲದೆ ಬ್ಯಾಡ್ಮಿಂಟನ್ ಆಡುವ ಅಪ್ಪ ಮಕ್ಕಳು, ಚಕ್ರದ ಶೂ ಹಾಕಿಕೊಂಡು ಯಾರಿಗೋ ಡಿಕ್ಕಿ ಹೊಡೆಯಲೆಂದೇ ಬಂದ ಹುಡುಗರು. ನಡುವೆ ಅರ್ಚಕರ ಗಂಟೆಯ ಆಕಾರದಲ್ಲಿ ಕಪ್ಪಗೆ ನಿಂತ ಬಜ್ರ ಸಂಧಿ ಸ್ಮಾರಕ. ಅದಕ್ಕೆ 17 ಮೆಟ್ಟಿಲು, 8 ಮಹಾಕಂಬ, 45 ಮೀಟರ್ ಎತ್ತರ. ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿಕೊಂಡ 1945ರ ಆಗಸ್ಟ್ 17ನ್ನು ಹೀಗೆ ಕಟ್ಟಡದಲ್ಲೇ ಬರೆದಿಟ್ಟಿದ್ದಾರೆ. ಒಳಗೆ ಬಾಲಿಯ ಇತಿಹಾಸ ಹೇಳುವ 33 ಪ್ರತಿಕೃತಿ ದೃಶ್ಯಗಳಿವೆ. ಮಾವನಿಗೆ ಅವೆಲ್ಲ ಬೇಕಿರಲಿಲ್ಲ. ಗಂಟೆ ಎಂದ ಕೂಡಲೇ ಪ್ರದಕ್ಷಿಣೆ ಎಂದು ನಿರ್ಧರಿಸಿಬಿಟ್ಟರು.

ತೊಂದರೆ ಏನೆಂದರೆ, ಪ್ರದಕ್ಷಿಣೆ ಬಲಗಡೆಯಿಂದ. ಅಂದು ಓಡುತ್ತಿದ್ದ ಜನವೆಲ್ಲ ಎಡಗಡೆಯಿಂದ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎದುರು ಬಂದ ಓಟಗಾರರೆಲ್ಲರ ಮಧ್ಯೆ ಮಾವ ಸೀಳಿಕೊಂಡು ನಡೆದರು. ಬಾಲಿಯವರು ಸಭ್ಯರು. ಒಬ್ಬರೂ ಬೈಯಲಿಲ್ಲ. ‘ಪರ್ಮಿಸಿ, ಪರ್ಮಿಸಿ’ ಎಂದು ದಾರಿ ಬಿಡುವಂತೆ ಕೇಳಿಕೊಳ್ಳುತ್ತ ಪಕ್ಕಕ್ಕೆ ಸರಿದರು. ತಮ್ಮ ವಯಸ್ಸಿಗೆ ನಮಸ್ಕಾರ ಹೇಳುತ್ತಿದ್ದಾರೆಂದು ತಿಳಿದ ಮಾವ ಪ್ರತಿಯೊಬ್ಬರಿಗೂ ‘ದೀರ್ಘಾಯುಷ್ಮಾನ್ ಭವ’ ಎನ್ನುತ್ತ ಮುಂದುವರಿದರು. ಮಧ್ಯೆ ಮಧ್ಯೆ ಕಾಲುದಾರಿಯ ಮೇಲೆಯೇ ಚನಾಂಗ್ ಸಾರಿ ಇಟ್ಟಿದ್ದರು. ತೆಂಗಿನ ಗರಿಯ ಪುಟ್ಟ ಚೌಕ ತಟ್ಟೆ, ಅದರಲ್ಲಿ ನಾಲ್ಕು ಬಣ್ಣದ ಹೂವು, ಒಂದು ಬಿಸ್ಕತ್ತು, ಹೊಗೆಯಾಡುವ ಊದುಬತ್ತಿ. ನೈವೇದ್ಯವನ್ನು ತುಳಿಯಬಾರದು, ದಾಟಲೂಬಾರದು. ಹೀಗಾಗಿ ಮಾವ ಒಂದೊಂದು ತಟ್ಟೆ ಕಂಡಾಗಲೂ ಪಕ್ಕಕ್ಕೆ ಜಿಗಿಯುತ್ತಿದ್ದರು. ಆ ಜಿಗಿತದಲ್ಲೇ ಸಂಗೀತ ಹಾಕಿಕೊಂಡು ವ್ಯಾಯಾಮ ಮಾಡುತ್ತಿದ್ದ ಹೆಂಗಸರ ಸಾಲಿನೊಳಗೆ ಹೋಗಿ ಬಿದ್ದರು. ಅವರು ಬಿಡಬೇಕಲ್ಲ! ಒಂದು ಪೂರ್ತಿ ಹಾಡು ಮುಗಿಯುವವರೆಗೂ ಮಾವನನ್ನೂ ಸೊಂಟ ತಿರುಗಿಸುವಂತೆ ಮಾಡಿದರು. ನನ್ನ ಹೆಂಡತಿ ವಿಡಿಯೊ ಮಾಡಿದ್ದಾಳೆ. ಅತ್ತೆಗೆ ಕಳಿಸುವ ಬೆದರಿಕೆಯ ಮೇಲೆ ಉಳಿದ ಪ್ರವಾಸ ಸುಗಮವಾಗಿ ನಡೆಯಿತು.

ಇಷ್ಟು ಕಸರತ್ತಿಗೆ ಹಸಿವೆ ಆಗದೆ ಇರುತ್ತದೆಯೇ? ಪಕ್ಕದ ಬೀದಿಯಲ್ಲಿ ತಿಂಡಿಯ ಗಾಡಿಗಳು. ಮೊದಲನೆಯದರಲ್ಲೇ ಮಾವ ನಿಂತುಬಿಟ್ಟರು. ‘ನೋಡೋ! ಅಲಸಂದೆಕಾಯಿ ಪಲ್ಯ. ಕಾಯಿತುರಿ ಎಷ್ಟು ಧಾರಾಳವಾಗಿ ಹಾಕಿದ್ದಾರೆ!’ ನಿಜ, ಸಣ್ಣಗೆ ಹೆಚ್ಚಿದ ಅಲಸಂದೆ, ಹೊಂಬಣ್ಣಕ್ಕೆ ತಿರುಗಿದ ತೆಂಗಿನ ತುರಿ. ಕೆಂಪು ಮಾತ್ರ ಸ್ವಲ್ಪ ಹೆಚ್ಚೇ ಅನ್ನಿಸಿತು. ಅದು ಲಾವರ್. ಬಾಲಿಯಲ್ಲಿ ಹಬ್ಬ ಎಂದರೆ ಗಂಡಸರು ಕತ್ತಲಿರುವಾಗಲೇ ಎದ್ದು ಕೂಡಿ ಕೊಚ್ಚಿ ಕಲಸುವ ಖಾದ್ಯ. ಆ ಕೆಂಪು ಮೆಣಸಿನದಲ್ಲ, ಹಂದಿಯ ಹಸಿ ರಕ್ತದ್ದು. ಗಾಡಿಯ ಹೆಂಗಸಿಗೆ ನಮ್ಮ ಮುಖ ನೋಡಿ ಏನನ್ನಿಸಿತೋ, ಪ್ರಾಮಾಣಿಕಳು, ಮೂಗನ್ನು ಬೆರಳಿನಿಂದ ಮೇಲೆತ್ತಿ ‘ಗುರ್ರ್’ ಎಂದು ತೋರಿಸಿದಳು. ಮಾವ ಚಮಚವನ್ನು ಇಟ್ಟ ರೀತಿ ನೋಡಬೇಕಿತ್ತು. ಒಂದಿಷ್ಟೂ ಸದ್ದಾಗಲಿಲ್ಲ.

ಪಕ್ಕದಲ್ಲಿ ನಿಂಬೆಹುಲ್ಲಿನ ಕಡ್ಡಿಗೆ ಏನನ್ನೋ ಸುತ್ತಿ ಕೆಂಡದ ಮೇಲೆ ಸುಡುತ್ತಿದ್ದರು. ಘಮ ಅದ್ಭುತ, ವಸ್ತು ಮೀನು. ಬಾಳೆಲೆಯ ಪುಟ್ಟ ಪೊಟ್ಟಣದ ನಾಸಿ ಜಿಂಗೊ ಬಿಚ್ಚಿದರೆ ಒಂದು ಹಿಡಿ ಅನ್ನದ ಮೇಲೆ ಕೋಳಿಯ ಎಳೆಗಳು. ಕೊನೆಗೆ ತಿಪಾತ್ ಚಾಂತೊಕ್ ಸಿಕ್ಕಿತು. ಗರಿಯ ಗೂಡಿನಲ್ಲಿ ಬೆಂದ ಅನ್ನದ ಕಡುಬು, ಬೇಯಿಸಿದ ಸೊಪ್ಪು, ಮೊಳಕೆಕಾಳು. ಕಡಲೆಕಾಯಿ, ಮೆಣಸು, ಬೆಲ್ಲವನ್ನು ಕಣ್ಣೆದುರೇ ಕಲ್ಲಿನಲ್ಲಿ ಅರೆದು ಕಲಸಿಕೊಡುತ್ತಾರೆ. ಆ ಅಜ್ಜಿ ಅರೆಯುತ್ತ ಅರೆಯುತ್ತ ಪಕ್ಕದ ಡಬ್ಬಿಯಿಂದ ಕಂದು ಬಣ್ಣದ ಮುದ್ದೆಯೊಂದನ್ನು ಚಿವುಟಲು ಹೋದಾಗ ನನ್ನ ಹೆಂಡತಿ ‘ತೆರಾಸಿ ಬೇಡ!’ ಎಂದು ಕೂಗಿದ ರಭಸಕ್ಕೆ ರಸ್ತೆಯ ನಾಯಿಯೂ ಎದ್ದು ನಿಂತಿತು. ತೆರಾಸಿ ಎಂದರೆ ಕೊಳೆಸಿ ಒಣಗಿಸಿದ ಸೀಗಡಿ. ಅಜ್ಜಿ ಡಬ್ಬಿ ಮುಚ್ಚಿ, ಇಂಥ ನತದೃಷ್ಟರನ್ನು ಕಂಡೇ ಇಲ್ಲವೆಂಬಂತೆ ನಮ್ಮನ್ನು ನೋಡಿ, ಅನುಕಂಪಕ್ಕೆ ಇನ್ನೆರಡು ತುಂಡು ಕಡುಬು ಹೆಚ್ಚಿಗೆ ಹಾಕಿದಳು.

ಮಾವ ಮಾತ್ರ ಧೈರ್ಯಗೆಟ್ಟಿದ್ದರು. ‘ನನಗೆ ಹಣ್ಣು ಸಾಕಪ್ಪ. ಹಣ್ಣಿನಲ್ಲಿ ಯಾರೂ ಏನೂ ಮಾಡಲಾರರು’ ಎಂದು ಎದುರಿನ ಗಾಡಿಗೆ ಹೋದರು. ಎಳೆ ಮಾವಿನಕಾಯಿ, ಅನಾನಸು, ಅಮಟೆಕಾಯಿಗಳನ್ನು ತೆಳ್ಳಗೆ ಹೆಚ್ಚಿ ಲೋಟಕ್ಕೆ ಹಾಕಿ, ಮೇಲೆ ಕಂದು ಬಣ್ಣದ ತಿಳಿಯಾದ ಸಾರು ಸುರಿದು ಕೊಟ್ಟರು. ಮಾವ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು. ಹಣೆಯಲ್ಲಿ ಬೆವರು ಹನಿಯಿತು. ‘ಉಪ್ಪು, ಹುಳಿ, ಖಾರ ಮೂರೂ ಹದ. ಇಷ್ಟು ರುಚಿಯ ತಿಳಿಸಾರು ನಿಮ್ಮ ಅತ್ತೆಯ ಕೈಯಲ್ಲೂ ಬಂದಿಲ್ಲ!’

ಅಷ್ಟರಲ್ಲಿ ನಾನು ಗಾಡಿಯ ಫಲಕಕ್ಕೆ ಮೊಬೈಲ್ ಹಿಡಿದು ಅನುವಾದ ಓದಿದ್ದೆ. ರುಜಾಕ್ ಕುವಾಹ್ ಪಿಂಡಾಂಗ್: ಮೀನು ಬೇಯಿಸಿದ ನೀರಿನಲ್ಲಿ ಹಣ್ಣು. ಪರದೆಯನ್ನು ಹೆಂಡತಿಗೆ ತೋರಿಸಿದೆ. ಅವಳು ಮೊಬೈಲನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು ಪಿಸುಗುಟ್ಟಿದಳು: ‘ಹೊಟ್ಟೆಗೆ ಹೋಗಿ ಆಗಿದೆ. ಈಗ ಹೇಳಿದರೆ ಪ್ರಾಯಶ್ಚಿತ್ತ ಮಾಡಿಸುವವರು ಯಾರು? ಇಲ್ಲಿನ ಪುರೋಹಿತರನ್ನು ಹುಡುಕಿ ತಂದರೆ ಅವರೂ ಒಂದು ಲೋಟ ಕೇಳಬಹುದು.’

ಆದರೂ ಮನಸ್ಸು ತಡೆಯದೆ, ‘ಮಾವ, ಆ ಸಾರಿನಲ್ಲಿ...’ ಎಂದು ಬಾಯಿ ತೆರೆದೆ.

ಮಾವ ಕೈ ಎತ್ತಿ ತಡೆದರು. ‘ಹುಣಸೆ ಅಲ್ಲ, ಬೇಳೆಕಟ್ಟೂ ಅಲ್ಲ. ಅರವತ್ತು ವರ್ಷ ಸಾರು ಕುಡಿದ ನಾಲಿಗೆಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಏನೆಂದು ನಾನು ಕೇಳುವುದಿಲ್ಲ. ನೀನು ಹೇಳಲೂಬೇಡ.’ ಖಾಲಿ ಲೋಟವನ್ನು ಗಾಡಿಯವಳ ಮುಂದೆ ಸರಿಸಿದರು. ‘ಇನ್ನೊಂದು ಹಾಕಲು ಹೇಳು. ಹಣ್ಣು ಕಡಿಮೆ ಇರಲಿ.’