ಎರಡು ಮಾರ್ಕ್ಸ್ ಕಮ್ಮಿ ಬಿದ್ದ ಕಾಲು

ನಮ್ಮ ಭಾವನ ಎಡಗಾಲಿಗೆ ಮೊನ್ನೆ ಮಾರ್ಕ್ಸ್ ಬಂತು. 38. ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಶೇಕಡಾ 38 ಅಂಗವೈಕಲ್ಯ. ಪಾಸಾಗೋಕೆ, ಅಂದ್ರೆ ಸವಲತ್ತು ಸಿಗೋಕೆ, 40 ಬೇಕು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೇ ಬಿಟ್ಟುಬಿಡುತ್ತಿದ್ದರು.

ಎರಡನೇ ವರ್ಷಕ್ಕೆ ಪೋಲಿಯೋ ಹೊಡೆದ ಕಾಲು ಅದು. ಐವತ್ತು ವರ್ಷದಿಂದ ಎಳೆದುಕೊಂಡೇ ಓಡಾಡುತ್ತಿದ್ದಾರೆ. ಅಂಗವೈಕಲ್ಯ ಅಳೆಯೋ ಮೆಡಿಕಲ್ ಬೋರ್ಡಿನ ಡಾಕ್ಟರು ಮಂಡಿ ಎಷ್ಟು ಮಡಿಚುತ್ತೆ ಅಂತ ಅಳೆದು, "ನಡೀತೀರಲ್ಲ ಯಜಮಾನ್ರೇ?" ಎಂದರಂತೆ. ಭಾವ ಮರ್ಯಾದಸ್ತರು, ನಡೆದು ತೋರಿಸಿದರು. ಅಲ್ಲೇ ಎಡವಟ್ಟಾಗಿದ್ದು. ನಿಜವಾಗಿ ಎಡವಿದ್ದರೆ ಎರಡು ಮಾರ್ಕ್ಸ್ ಸಿಗುತ್ತಿತ್ತೇನೋ.

ಸರ್ಕಾರ ಪೂರ್ತಿ ಕೈಬಿಟ್ಟಿಲ್ಲ. ಶೇಕಡಾ ನಲವತ್ತರ ಕೆಳಗಿನವರಿಗೂ ಅಂಗವೈಕಲ್ಯದ ಕಾರ್ಡ್ ಕೊಡುತ್ತೆ, ಬಿಳಿ ಬಣ್ಣದ್ದು. ನಲವತ್ತರಿಂದ ಹಳದಿ, 80 ಮುಟ್ಟಿದರೆ ನೀಲಿ. ಬಿಳಿ ಕಾರ್ಡಿಗೆ ಬಸ್ ಪಾಸ್ ಇಲ್ಲ, ನೌಕರಿ ಮೀಸಲಾತಿ ಇಲ್ಲ. ಲ್ಯಾಮಿನೇಷನ್ ಮಾಡಿಸಿ ದೇವರ ಫೋಟೋ ಪಕ್ಕ ಇಡಬಹುದು.

ತಮಾಷೆ ಅಂದ್ರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಾಲನ್ನಷ್ಟೇ ನೋಡು ಅಂತ ಹೇಳೋದೇ ಇಲ್ಲ. ಊನ ಒಂದು ಕಡೆ, ಎದುರಿಗಿರೋ ಅಡೆತಡೆ ಇನ್ನೊಂದು ಕಡೆ, ಎರಡೂ ಸೇರಿ ಮನುಷ್ಯನನ್ನು ತಡೆದರೆ ಅದು ಅಂಗವೈಕಲ್ಯ. ಎಷ್ಟು ಚೆನ್ನಾಗಿ ಬರೆದಿದ್ದಾರೆ! ಹಾಗಾದರೆ ಬೋರ್ಡಿನವರು ಟೇಪು ಹಿಡಿದು ಹನುಮಂತನಗರದಿಂದ ಗಾಂಧಿ ಬಜಾರಿಗೆ ಭಾವನ ಜೊತೆ ಒಂದ್ಸಲ ನಡೀಲಿ. ಮೊಣಕಾಲೆತ್ತರದ ಫುಟ್‌ಪಾತು. ಅದರ ಮೇಲೆ ಟ್ರಾನ್ಸ್‌ಫಾರ್ಮರ್. ಪಕ್ಕದಲ್ಲಿ ಬಾಯಿ ತೆರೆದ ಮೋರಿ, ಮೇಲಿನ ಚಪ್ಪಡಿ ಯಾರೋ ಪಕ್ಕಕ್ಕೆ ಸರಿಸಿ ಹೋಗಿದ್ದಾರೆ. ಆಮೇಲೆ ರಸ್ತೆಗೆ ಇಳಿದರೆ ಎದುರಿಂದ ರಾಂಗ್ ಸೈಡಲ್ಲಿ ಸ್ಕೂಟರು. ಆ ಮಾರ್ಕ್ಸನ್ನೂ ಸೇರಿಸಿದರೆ ಭಾವನಿಗೆ ನೀಲಿ ಕಾರ್ಡೇ. ನನಗೂ ಒಂದು ಹಳದಿ ಗ್ಯಾರಂಟಿ.

ಹೆಸರಿಗಂತೂ ಬರ ಇಲ್ಲ. ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ವಿಶೇಷಚೇತನ, 2015ರ ಕೊನೆಗೆ ಪ್ರಧಾನಿ ದಿವ್ಯಾಂಗ ಎಂದರು. ದಿವ್ಯವಾದ ಕಾಲಿಗೆ ಒಂದು ರ‍್ಯಾಂಪ್ ಮಾತ್ರ ಬರಲಿಲ್ಲ. ಬೀದಿಯಲ್ಲಿ ಇವತ್ತಿಗೂ ಭಾವ 'ಆ ಕುಂಟ ಮೇಷ್ಟ್ರು'.

2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ಅಂಗವಿಕಲರು ಸಿಕ್ಕರು. ಅದರಲ್ಲಿ ಭಾವ ಇಲ್ಲ. ಎಣಿಸೋಕೆ ಬಂದಾಗ ಅವರ ತಾಯಿ ಬಾಗಿಲಲ್ಲೇ, "ನಮ್ಮನೇಲಿ ಅಂಥೋರು ಯಾರೂ ಇಲ್ಲಪ್ಪ" ಎಂದು ಕಳಿಸಿದ್ದರು. ತಂಗಿ ಮದುವೆ ಬಾಕಿ ಇತ್ತು. ಭಾವನೂ ಒಳಗೆ ಕೂತು ಸುಮ್ಮನಿದ್ದರು. ಹೌದು ಅನ್ನೋಕೆ ಅವರಿಗೆ ಐವತ್ತು ವರ್ಷ ಹಿಡೀತು ಕಣ್ರೀ. ಬೆಳಗ್ಗೆ ಆರಕ್ಕೆ ಕ್ಯೂ ನಿಂತು, ಗುರುತಿಲ್ಲದವರ ಮುಂದೆ ಪ್ಯಾಂಟ್ ಮಡಚಿ ಆ ಸಣಕಲು ಕಾಲು ತೋರಿಸಿ ಬಂದರು. ಅದಕ್ಕೆ, ಸಾಲದು ಅಂತ ಉತ್ತರ. ಇನ್ನೇನು ತೋರಿಸಬೇಕಿತ್ತು?

ಒಂದು ದಾರಿ ಇದೆ. ಎರಡು ಊನ ಇದ್ದರೆ ಕೂಡೋಕೆ ಸರ್ಕಾರದ್ದೇ ಒಂದು ಸೂತ್ರ ಇದೆ. ಆ ಲೆಕ್ಕದಲ್ಲಿ 30ಕ್ಕೆ 30 ಸೇರಿದರೆ 60 ಅಲ್ಲ, 50. ಭಾವನಿಗೆ ಅಷ್ಟೆಲ್ಲ ಬೇಡ, ಕಿವಿ ಒಂದು ನಾಲ್ಕು ಪರ್ಸೆಂಟ್ ಮಂದ ಇದ್ದರೂ ಗೆದ್ದಂತೆ. ಅಕ್ಕ ಆಗಲೇ ಹರಕೆ ಹೊತ್ತಿದ್ದಾಳೆ.

ನಿನ್ನೆ ಟೆಸ್ಟ್ ಮಾಡೋಣ ಅಂತ ಅಡುಗೆಮನೆಯಿಂದ, ಕುಕ್ಕರ್ ಕೂಗುತ್ತಿರುವಾಗಲೇ, ಮೆಲ್ಲಗೆ "ರೀ" ಎಂದಳು.

"ಏನೇ?" ಎಂದರು ಭಾವ, ಹಾಲಿನಿಂದ, ತಕ್ಷಣ.

ಅಕ್ಕ ಮುಖ ಸಣ್ಣಗೆ ಮಾಡಿಕೊಂಡಳು.