ಹಾಡು ಉಳಿಯಿತು, ಹಾಡುಗಿತ್ತಿಯ ಹೆಸರು?

ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಒಂದು ಹಾಡಿನ ಮಾತು ಬಂತೆಂದರೆ ಹಾಡಿದವರ ಹೆಸರಿನ ಬೆನ್ನಿಗೇ ಬರೆದವರ ಹೆಸರೂ ಬರುತ್ತದೆ. ಕ್ಷೌರದಂಗಡಿಯವನಿಗೂ ಅದು ಗೊತ್ತಿರುತ್ತದೆ. ಇಲ್ಲಿನ ಬ್ಲೂಬರ್ಡ್ ಕೆಫೆ ಎಂಬ ಪುಟ್ಟ ಜಾಗದಲ್ಲಿ ಹಾಡು ಬರೆದವರೇ ದುಂಡಗೆ ಕೂತು, ಈ ಸಾಲು ಎಲ್ಲಿ ಹುಟ್ಟಿತು, ಯಾರನ್ನು ನೋಡಿ ಹುಟ್ಟಿತು ಎಂದು ಹೇಳಿ ಹಾಡುತ್ತಾರೆ. ಕೇಳುವವರು ಪಿಸುಮಾತೂ ಆಡುವುದಿಲ್ಲ. ಟೆನೆಸ್ಸಿಯಲ್ಲಿ ನೆಲೆಸಿದ ಮೇಲೂ ಈ ದೇಶದ ಎಷ್ಟೋ ರೀತಿ ನನಗೆ ಒಗ್ಗಿಲ್ಲ. ಆದರೆ ಈ ಒಂದು ರೀತಿ ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಅದನ್ನು ನಮ್ಮವರ ಮುಂದೆ ಇಡಬೇಕೆಂದು ಅನ್ನಿಸಿದ್ದು ‘ಕಂಟ್ರಿ’ ಎಂಬ ಇಲ್ಲಿನ ಹಳ್ಳಿಗಾಡಿನ ಸಂಗೀತದ ಗಾಯಕಿ ಲೊರೆಟ್ಟಾ ಲಿನ್ ಅವರ ಹಾಡುಗಳನ್ನು ಕೇಳುತ್ತ, ಅವರ ಬದುಕನ್ನು ತಿಳಿಯುತ್ತ ಹೋದಾಗ.

ಲೊರೆಟ್ಟಾ ಹುಟ್ಟಿದ್ದು 1932ರ ಏಪ್ರಿಲ್ 14ರಂದು, ಕೆಂಟಕಿಯ ಬುಚರ್ ಹಾಲೋ ಎಂಬ ಗುಡ್ಡಗಳ ಸಂದಿಯಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ಅಪ್ಪ ಟೆಡ್ ವೆಬ್ ವ್ಯಾನ್ ಲಿಯರ್‌ನ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದರು. ಅಮ್ಮ ಬೆಟ್ಟಸೀಮೆಯ ಹಳೆಯ ಕಥನಗೀತೆಗಳನ್ನು ಹಾಡಿಕೊಳ್ಳುತ್ತಿದ್ದರು. ಶನಿವಾರ ರಾತ್ರಿ ಬ್ಯಾಟರಿ ರೇಡಿಯೋದಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಕಾರ್ಯಕ್ರಮ. ಸಂಗೀತದ ಪಾಠವೆಂದರೆ ಅಷ್ಟೇ. ಹದಿನಾರು ತುಂಬುವ ಮೊದಲೇ, 1948ರ ಜನವರಿಯಲ್ಲಿ ಆಲಿವರ್ ಲಿನ್ ಜೊತೆ ಮದುವೆ. ಗಂಡನ ಹಿಂದೆ ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಹಳ್ಳಿಗೆ ಹೋದರು. ಇಪ್ಪತ್ತರ ಆಸುಪಾಸಿಗೆ ನಾಲ್ಕು ಮಕ್ಕಳ ತಾಯಿ.

ಗಂಡ ಕುಡಿಯುತ್ತಿದ್ದ, ಬೇರೆ ಹೆಂಗಸರ ಸಹವಾಸವೂ ಇತ್ತು. ಹದಿನೇಳು ಡಾಲರಿನ ಗಿಟಾರ್ ತಂದುಕೊಟ್ಟವನೂ ಅವನೇ. ನಿನ್ನ ಹಾಗೆ ಹಾಡುವವರಿಲ್ಲ ಎಂದು ನಂಬಿ, ಅಳುಕುತ್ತಿದ್ದ ಹೆಂಡತಿಯನ್ನು ವೇದಿಕೆಗೆ ಹತ್ತಿಸಿದವನೂ ಅವನೇ. ಈ ಎರಡನ್ನೂ ಲೊರೆಟ್ಟಾ ಮುಚ್ಚಿಡಲಿಲ್ಲ. ಅವನು 1996ರಲ್ಲಿ ತೀರಿಕೊಳ್ಳುವವರೆಗೂ ಆ ದಾಂಪತ್ಯ ನಡೆಯಿತು. ಅದರ ಜಗಳ, ಕಣ್ಣೀರು, ಹಟ ಎಲ್ಲವೂ ಹಾಡಾದವು.

ಟಕೋಮಾದ ಟಿವಿ ಕಾರ್ಯಕ್ರಮವೊಂದರಲ್ಲಿ ಅವರ ಹಾಡು ಕೇಳಿದ ನಾರ್ಮ್ ಬರ್ಲಿ ಎಂಬ ಕೆನಡಾದ ಮರದ ವ್ಯಾಪಾರಿ ದುಡ್ಡು ಹಾಕಿದರು. ಹುಟ್ಟಿದ್ದು ಝೀರೋ ರೆಕಾರ್ಡ್ಸ್ ಎಂಬ ಕಂಪನಿ. 1960ರ ಫೆಬ್ರವರಿಯಲ್ಲಿ ಹಾಲಿವುಡ್ಡಿನ ಒಂದು ಸ್ಟುಡಿಯೋದಲ್ಲಿ, ಸ್ಪೀಡಿ ವೆಸ್ಟ್ ಸ್ಟೀಲ್ ಗಿಟಾರ್ ನುಡಿಸಲು ಕೂತಿರುವಾಗ, ಲೊರೆಟ್ಟಾ ತಾವೇ ಬರೆದ ‘ಹಾಂಕಿ ಟಾಂಕ್ ಗರ್ಲ್’ ಹಾಡಿದರು. ಆಮೇಲಿನ ಕತೆ ನನಗೆ ಬಹಳ ಇಷ್ಟ. ಗಂಡ ಹೆಂಡತಿ ಇಬ್ಬರೂ ಹಳೇ ಕಾರಿನಲ್ಲಿ ಊರೂರು ತಿರುಗಿ, ದಾರಿಯಲ್ಲಿ ಸಿಕ್ಕಿದ ರೇಡಿಯೋ ಕೇಂದ್ರಗಳಿಗೆಲ್ಲ ನುಗ್ಗಿ, ಇದೊಂದು ರೆಕಾರ್ಡು ಹಾಕಿ ಎಂದು ಕೇಳಿಕೊಂಡರು. ಕಾರಿನಲ್ಲೇ ಮಲಗುತ್ತಿದ್ದರು, ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಆ ಬೇಸಿಗೆ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಹದಿನಾಲ್ಕನೇ ಸ್ಥಾನಕ್ಕೆ ಏರಿತು. ಅಕ್ಟೋಬರಿನಲ್ಲಿ ಆಪ್ರಿಯ ವೇದಿಕೆ ಸಿಕ್ಕಿತು. ಇದನ್ನೆಲ್ಲ ನೋಡಲು ಅಪ್ಪ ಇರಲಿಲ್ಲ. ಗಣಿಯ ಧೂಳು ಶ್ವಾಸಕೋಶಕ್ಕೆ ಹೊಕ್ಕಿದ್ದ ಆ ಮನುಷ್ಯ ಹಿಂದಿನ ವರ್ಷವೇ, 1959ರಲ್ಲಿ, ಹೋಗಿಬಿಟ್ಟಿದ್ದರು.

ಮುಂದೆ ಡೆಕ್ಕಾ ಕಂಪನಿ, ಅಲ್ಲಿ ನಿರ್ಮಾಪಕ ಓವೆನ್ ಬ್ರಾಡ್ಲಿ. 1962ರಲ್ಲಿ ಆಪ್ರಿಯ ಸದಸ್ಯತ್ವ. ಗಾಯಕಿ ಪ್ಯಾಟ್ಸಿ ಕ್ಲೈನ್ ಅಕ್ಕನ ಹಾಗೆ ಕೈಹಿಡಿದು ನಡೆಸಿದರು. 1963ರಲ್ಲಿ ಪ್ಯಾಟ್ಸಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಲೊರೆಟ್ಟಾ ಆ ಹೆಸರನ್ನೇ ಇಟ್ಟರು. ಕುಡಿದು ಬಂದು ಪ್ರೀತಿ ಕೇಳಬೇಡ ಎಂದು ಗಂಡನಿಗೆ ನೇರವಾಗಿ ಹೇಳುವ ಹಾಡು 1967ರಲ್ಲಿ ಅವರಿಗೆ ಮೊದಲ ಬಾರಿ ಒಂದನೇ ಸ್ಥಾನ ತಂದಿತು. 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ದೊಡ್ಡ ಪ್ರಶಸ್ತಿ. ಅಲ್ಲಿಯವರೆಗೆ ಅದು ಯಾವ ಹೆಂಗಸಿಗೂ ಸಿಕ್ಕಿರಲಿಲ್ಲ. ಪ್ರಶಸ್ತಿಗಳ ಪಟ್ಟಿ ಇನ್ನೂ ಉದ್ದವಿದೆ, 2013ರ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕದವರೆಗೆ. ಅದನ್ನು ಬಿಡುತ್ತೇನೆ.

ಬಿಡಲಾಗದ್ದು ‘ದಿ ಪಿಲ್’ ಎಂಬ ಹಾಡಿನ ಪ್ರಸಂಗ. ವರ್ಷಕ್ಕೊಂದು ಬಸಿರು ಹೊತ್ತು ಸಾಕಾದ ಹೆಂಗಸೊಬ್ಬಳು ಗರ್ಭನಿರೋಧಕ ಗುಳಿಗೆ ಸಿಕ್ಕಿತೆಂದು ಹಿಗ್ಗಿ ಹಾಡುವ ಹಾಡು ಅದು. ಇದನ್ನು ಬರೆದವರು ಬೇರೆ. 1972ರಲ್ಲಿ ರೆಕಾರ್ಡಾದರೂ ಕಂಪನಿ ಹೊರತರಲು ಹೆದರಿ 1975ರವರೆಗೆ ಇಟ್ಟುಕೊಂಡಿತು. ಬಂದ ಮೇಲೆ ಹಲವು ರೇಡಿಯೋ ಕೇಂದ್ರಗಳು ಬಹಿಷ್ಕಾರ ಹಾಕಿದವು. ಆದರೂ ಕಂಟ್ರಿ ಪಟ್ಟಿಯಲ್ಲಿ ಐದನೇ ಸ್ಥಾನ ಮುಟ್ಟಿತು. ಹಾಡುತ್ತಿದ್ದಾಕೆ ಆ ಮಾತನ್ನು ತನ್ನ ಮೈಯಲ್ಲಿ ಅನುಭವಿಸಿದವಳು ಎಂದು ಕೇಳುವ ಹೆಂಗಸರಿಗೆ ಗೊತ್ತಿತ್ತು. ಹಾಡಿನ ಹಿಂದೆ ಒಂದು ಮುಖ, ಒಂದು ಹೆಸರು ಇದ್ದದ್ದರಿಂದಲೇ ಆ ಹಾಡಿಗೆ ಅಷ್ಟು ಬಲ ಬಂತು ಎಂಬುದು ನನ್ನ ನಂಬಿಕೆ.

ಈಗ ನಮ್ಮ ಕಡೆ ಬರುತ್ತೇನೆ. ನಾನು ಉತ್ತರ ಕನ್ನಡದವನು. ಅಂಕೋಲೆಯ ಪೇಟೆಯಲ್ಲಿ ಕೊರಳ ತುಂಬ ಮಣಿಸರ ಹಾಕಿಕೊಂಡು ತರಕಾರಿ ಮಾರಲು ಕೂತ ಹಾಲಕ್ಕಿ ಹೆಂಗಸರನ್ನು ನೋಡುತ್ತ ಬೆಳೆದವನು. ಅವರಲ್ಲೊಬ್ಬರು ಬಡಿಗೇರಿಯ ಸುಕ್ರಿ ಬೊಮ್ಮಗೌಡ, ನಮಗೆಲ್ಲ ಸುಕ್ರಜ್ಜಿ. ಲೊರೆಟ್ಟಾಗಿಂತ ಕೆಲವೇ ವರ್ಷ ಚಿಕ್ಕವರು. ಶಾಲೆಯ ಮುಖ ಕಂಡವರಲ್ಲ. ಎಳೆಯ ವಯಸ್ಸಿನಲ್ಲೇ ಮದುವೆ. ಕುಡಿತ ಮನೆ ಮುರಿದದ್ದನ್ನು ಕಣ್ಣಾರೆ ಕಂಡವರು. ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಡಿದವರು. ಮದುವೆಯ ಹಾಡು, ನಾಟಿಯ ಹಾಡು, ತಾರ್ಲೆ ಹಾಡು ಎಂದು ಸಾವಿರಾರು ಪದ ಅವರ ನಾಲಿಗೆಯ ಮೇಲಿದ್ದವು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಕೆಂಟಕಿಯ ಗುಡ್ಡದ ಹೆಣ್ಣು, ಅಂಕೋಲೆಯ ಗುಡ್ಡದ ಬುಡದ ಹೆಣ್ಣು. ಇಬ್ಬರ ಹಾಡಿಗೂ ಮೂಲ ಒಂದೇ: ಮನೆಯೊಳಗಿನ ಹೆಂಗಸಿನ ದುಡಿಮೆ, ತವರಿನ ಹಂಬಲ, ಗಂಡಸಿನ ಕುಡಿತ. ಸುಕ್ರಜ್ಜಿಯ ಹೆಸರನ್ನಾದರೂ ನಾಡು ಗುರುತಿಸಿತು. ಬಳ್ಳಾರಿ ಸೀಮೆಯ ಬುರ್ರಕಥೆಯ ದರೋಜಿ ಈರಮ್ಮನ ಹೆಸರನ್ನೂ ಗುರುತಿಸಿತು. ಅವರ ಪಕ್ಕದಲ್ಲಿ ಕೂತು ಸೊಲ್ಲು ಹಿಡಿದವರು, ಅವರಿಗೆ ಪದ ಕಲಿಸಿದ ತಾಯಂದಿರು ಯಾರು? ಜೋಳ ಬೀಸುತ್ತ, ರಾಗಿ ಬೀಸುತ್ತ ತ್ರಿಪದಿ ಕಟ್ಟಿದವರು ಯಾರು? ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರಂಥವರು ಕೂಡಿ ಗರತಿಯರ ಹಾಡುಗಳನ್ನು ಬರೆದುಕೊಂಡು 1930ರ ದಶಕದಲ್ಲಿ ಪ್ರಕಟಿಸದಿದ್ದರೆ ನಮಗೆ ಆ ಐಸಿರಿ ಸಿಗುತ್ತಲೇ ಇರಲಿಲ್ಲ. ಅವರ ಋಣ ದೊಡ್ಡದು. ಆದರೂ ಕೇಳುತ್ತೇನೆ: ಸಂಗ್ರಹಿಸಿದವರ ಹೆಸರು ನಮ್ಮ ಬಾಯಲ್ಲಿದೆ, ಹಾಡಿಕೊಟ್ಟ ಗರತಿಯರಲ್ಲಿ ಒಬ್ಬಳ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು? ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದಿದ್ದ ಕಾಲದ ಹೆಂಗಸರು ತಮ್ಮ ಹೆಸರನ್ನು ಹಾಕಿ ಎಂದು ಕೇಳಿರಲಾರರು. ಅದು ಆ ಕಾಲ. ಮೊಬೈಲಿನಲ್ಲಿ ರೆಕಾರ್ಡು ಮಾಡಿ ಅಪ್‌ಲೋಡ್ ಮಾಡುವ ಈ ಕಾಲದಲ್ಲೂ ನಾವು ಅದೇ ಮಾಡುತ್ತಿದ್ದೇವಲ್ಲ, ಅದು ನನಗೆ ನೋವು.

ಹೊರನಾಡಿನ ಕನ್ನಡ ಕೂಟಗಳಲ್ಲಿ ಜನಪದ ಗೀತೆ ಇಲ್ಲದ ರಾಜ್ಯೋತ್ಸವವೇ ಇಲ್ಲ. ಮಕ್ಕಳು ಇಳಕಲ್ ಸೀರೆ ಉಟ್ಟು ಎಷ್ಟು ಚಂದ ಕುಣಿಯುತ್ತಾರೆ! ಒಂದು ಕಾರ್ಯಕ್ರಮದಲ್ಲಿ ಧ್ವನಿಮುದ್ರಿಕೆಯಲ್ಲಿದ್ದ ಹೆಣ್ಣುದನಿ ನನ್ನನ್ನು ಹಿಡಿದು ನಿಲ್ಲಿಸಿತು. ವಯಸ್ಸಾದ, ಸ್ವಲ್ಪ ಒಡೆದ, ತುಂಬ ಗಟ್ಟಿಯಾದ ದನಿ. ನಡೆಸಿಕೊಡುತ್ತಿದ್ದ ಹುಡುಗನನ್ನು ಕೇಳಿದೆ. ‘ಜನಪದ ಅಲ್ವಾ ಸರ್, ಯಾರದೂ ಅಲ್ಲ’ ಅಂದ. ಅವನ ತಪ್ಪಲ್ಲ, ನಮ್ಮ ಕಾರ್ಯಕ್ರಮ ಪಟ್ಟಿಗಳಲ್ಲೆಲ್ಲ ಹಾಗೇ ಬರೆದಿರುತ್ತದೆ. ಹಾಡು ಕಟ್ಟಿದವರು ಯಾರೆಂದು ಗೊತ್ತಿಲ್ಲದಿರಬಹುದು, ಒಪ್ಪೋಣ. ಆದರೆ ಆ ದನಿ ಯಾರದೋ ಒಬ್ಬಳದೇ ತಾನೆ? ಆಕೆ ಯಾವುದೋ ಊರಿನಿಂದ ಬಸ್ಸು ಹಿಡಿದು ಬಂದು, ಮೈಕಿನ ಮುಂದೆ ನಿಂತು ಹಾಡಿದವಳೇ ತಾನೆ?

ಅಮೆರಿಕದವರು ಈ ವಿಷಯದಲ್ಲಿ ತೊಳೆದ ಮುತ್ತುಗಳೆಂದು ನಾನು ಹೇಳುತ್ತಿಲ್ಲ. ಕಂಟ್ರಿ ಸಂಗೀತದ ರೆಕಾರ್ಡಿಂಗ್ ಇತಿಹಾಸ ಶುರುವಾಗುವ ಹೊತ್ತಿನಲ್ಲೇ ಈ ಗಂಟು ಬಿದ್ದಿತ್ತು. 1927ರಲ್ಲಿ ರಾಲ್ಫ್ ಪಿಯರ್ ಎಂಬ ರೆಕಾರ್ಡಿಂಗ್ ನಿರ್ಮಾಪಕ ಟೆನೆಸ್ಸಿಯ ಬ್ರಿಸ್ಟಲ್‌ನಲ್ಲಿ ಯಂತ್ರ ಹೂಡಿ ಬೆಟ್ಟದ ಗಾಯಕರನ್ನು ಕರೆಸಿ ಹಾಡಿಸಿದಾಗ ಬಂದವರಲ್ಲಿ ಕಾರ್ಟರ್ ಕುಟುಂಬವೂ ಇತ್ತು. ಆಮೇಲೆ ಎ. ಪಿ. ಕಾರ್ಟರ್ ಹಳ್ಳಿಹಳ್ಳಿ ಅಲೆದು ಜನರ ಬಾಯಿಂದ ಹಾಡು ಕೂಡಿಸಿ ತಂದರು, ಅವು ಅವರ ಹೆಸರಿನಲ್ಲಿ ದಾಖಲಾದವು. ಜೊತೆಗೆ ಅಲೆದು ರಾಗಗಳನ್ನು ನೆನಪಿಟ್ಟುಕೊಂಡು ಬಂದ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕನ ಹೆಸರು ರೆಕಾರ್ಡುಗಳ ಮೇಲೆ ಬರಲೇ ಇಲ್ಲ. ಲೊರೆಟ್ಟಾ ಅವರೂ ಆರಂಭದಲ್ಲಿ ತಮ್ಮ ಹಾಡುಗಳ ಪ್ರಕಾಶನ ಹಕ್ಕನ್ನು ವಿಲ್ಬರ್ನ್ ಸಹೋದರರ ಕಂಪನಿಗೆ ಬರೆದುಕೊಟ್ಟು, ಮುಂದೆ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಬೇಕಾಯಿತು. ಹೆಸರು ಬರೆಯುವ ಪದ್ಧತಿ ಬಂದ ಮೇಲೆ ತಪ್ಪು ಹೆಸರು ಬರೆಯುವ ಅನ್ಯಾಯವೂ ಬರುತ್ತದೆ. ಆದರೆ ಅಲ್ಲಿ ತಪ್ಪನ್ನು ಎತ್ತಿ ತೋರಿಸಲು ಒಂದು ಕಾಗದವಾದರೂ ಇರುತ್ತದೆ. ಇಂದು ರಿಡಲ್ ಅವರ ಪಾಲನ್ನು ಇಲ್ಲಿನ ವಿದ್ವಾಂಸರು ಎದೆತಟ್ಟಿ ಹೇಳುತ್ತಾರೆ. ಹೆಸರೇ ಬರೆಯದಿದ್ದರೆ ಯಾರ ಪಾಲನ್ನು ಯಾರು ಹೇಳುವುದು?

ಹೆಸರು ಹಾಕಿದರೆ ಜನಪದ ಜನಪದವಾಗಿ ಉಳಿಯುವುದಿಲ್ಲ ಎನ್ನುವ ಸ್ನೇಹಿತರಿದ್ದಾರೆ. ಹಾಡು ಎಲ್ಲರ ಸೊತ್ತು, ಅದಕ್ಕೆ ಬೇಲಿ ಹಾಕಬಾರದು ಎನ್ನುತ್ತಾರೆ. ಹಾಡಿಗೆ ಬೇಲಿ ಬೇಡ ಎಂಬುದು ನನ್ನ ಮಾತೂ ಹೌದು. ಆದರೆ ಹಾಡಿನಲ್ಲಿ ಹೆಸರು ಇರುವುದು ನಮಗೆ ಹೊಸದೇ? ವಚನಕಾರ್ತಿಯರಿಗೆ ಅಂಕಿತವಿತ್ತು. ಹತ್ತೊಂಬತ್ತನೇ ಶತಮಾನದ ಹರಪನಹಳ್ಳಿ ಭೀಮವ್ವ ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ ಹಾಡು ಕಟ್ಟಿದರು, ಇವತ್ತಿಗೂ ಮನೆಮನೆಯಲ್ಲಿ ಹೆಂಗಸರು ಆ ಅಂಕಿತದೊಂದಿಗೇ ಹಾಡುತ್ತಾರೆ. ಲಾವಣಿಕಾರ ಕೊನೆಯ ನುಡಿಯಲ್ಲಿ ತನ್ನ ಊರನ್ನೂ ಗುರುವನ್ನೂ ನೆನೆಯುತ್ತಾನೆ. ಅಂಕಿತವಿದ್ದ ಮಾತ್ರಕ್ಕೆ ಆ ಹಾಡು ಜನರ ಬಾಯಿಂದ ದೂರವಾಗಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತವಳಿಗೆ ಮಾತ್ರ ಅಂಕಿತ ದಕ್ಕಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ರೀತಿಯೇ ಮೇಲು. ‘ಕೋಲ್ ಮೈನರ್ಸ್ ಡಾಟರ್’ ಎಂಬ ತಮ್ಮ ಬಾಲ್ಯದ ಹಾಡನ್ನು ಲೊರೆಟ್ಟಾ ಮೊದಲು ಉದ್ದಕ್ಕೆ ಬರೆದಿದ್ದರು. 1969ರಲ್ಲಿ ಅದನ್ನು ರೆಕಾರ್ಡು ಮಾಡುವಾಗ ಬ್ರಾಡ್ಲಿ ಹಲವು ನುಡಿಗಳನ್ನು ಕತ್ತರಿಸಿಹಾಕಿದರು. ರೇಡಿಯೋಗೆ ಬೇಕಾದದ್ದು ಮೂರು ನಿಮಿಷ. 1970ರಲ್ಲಿ ಹೊರಬಂದು ಒಂದನೇ ಸ್ಥಾನಕ್ಕೆ ಹೋಯಿತು, ಅವರ ಬದುಕಿನ ಗುರುತೇ ಆಯಿತು, ಮುಂದೆ ಸಿನಿಮಾಕ್ಕೂ ಅದೇ ಹೆಸರು. ಆದರೆ ಕತ್ತರಿಸಿದ ನುಡಿಗಳು ಮತ್ತೆ ಸಿಗಲಿಲ್ಲ. ತಾವೇ ಬರೆದ ಆ ಸಾಲುಗಳು ಕಳೆದುಹೋದವೆಂದು ಲೊರೆಟ್ಟಾ ಕೊನೆಯವರೆಗೂ ಹಳಹಳಿಸಿದರು. ನಮ್ಮ ಮದುವೆ ಮನೆಯಲ್ಲಿ ಸೋಬಾನೆ ಹೇಳುವವರನ್ನು ತಡೆಯುವ ಗಡಿಯಾರವಿಲ್ಲ. ಅರಿಶಿನ ಹಚ್ಚುವುದು ಮುಗಿಯುವವರೆಗೆ ಹಾಡು ಬೆಳೆಯುತ್ತದೆ, ಮದುಮಗಳ ಹೆಸರು ಸೇರಿಕೊಳ್ಳುತ್ತದೆ, ಒಬ್ಬಳು ಮರೆತರೆ ಇನ್ನೊಬ್ಬಳು ಎತ್ತಿಕೊಡುತ್ತಾಳೆ. ಒಂದೇ ರೆಕಾರ್ಡಿನಲ್ಲಿ ಹಾಡನ್ನು ಕಟ್ಟಿಹಾಕುವ ಇಲ್ಲಿಯವರ ರೀತಿ ನಮಗೆ ಬೇಡ. ಹಾಡಿದವಳನ್ನು ಮರೆಯದ ರೀತಿಯನ್ನಷ್ಟೇ ತೆಗೆದುಕೊಳ್ಳೋಣ.

ನ್ಯಾಶ್‌ವಿಲ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ಹೋದರೆ ಹರಿಕೇನ್ ಮಿಲ್ಸ್. 2022ರ ಅಕ್ಟೋಬರ್ 4ರಂದು, ತೊಂಬತ್ತನೇ ವಯಸ್ಸಿನಲ್ಲಿ, ಲೊರೆಟ್ಟಾ ಕಣ್ಣುಮುಚ್ಚಿದ್ದು ಅಲ್ಲಿಯೇ. ಅದಕ್ಕೆ ಹಿಂದಿನ ವರ್ಷ ಐವತ್ತನೇ ಆಲ್ಬಮ್ ಹೊರಬಂದಿತ್ತು. ಅವರು ಹುಟ್ಟಿದ ಗುಡ್ಡದ ಮನೆಯ ಪಡಿಯಚ್ಚನ್ನು ಅಲ್ಲಿ ಕಟ್ಟಿದ್ದಾರೆ, ಒಂದು ವಸ್ತುಸಂಗ್ರಹಾಲಯವೂ ಇದೆ. ನಮ್ಮಲ್ಲೂ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು, ಊರೂರಿನ ಹಾಡುಗಳನ್ನು ಟೇಪಿಗೆ ಹಿಡಿದಿಟ್ಟರು. ಅಷ್ಟು ದೊಡ್ಡ ಕೆಲಸ ನಮ್ಮ ಕೈಯಲ್ಲಾಗದು. ಕಾನೂನಿನ ದಾರಿಯೂ ಇದೆ: 2012ರ ತಿದ್ದುಪಡಿಯಾದ ಮೇಲೆ ಭಾರತದ ಕೃತಿಸ್ವಾಮ್ಯ ಕಾನೂನು ಹಾಡಿದವರಿಗೂ, ಅದು ವ್ಯಾಪಾರಕ್ಕೆ ಬಳಕೆಯಾದಾಗ, ಗೌರವಧನದ ಪಾಲು ಇದೆ ಎನ್ನುತ್ತದೆ. ಆದರೆ ಹೆಸರೇ ಇಲ್ಲದವಳಿಗೆ ಆ ಪಾಲು ತಲುಪಿಸುವುದು ಹೇಗೆ?

ಹಾಗಾಗಿ ಹೊರನಾಡಿನ ಕೂಟಗಳಿಗೆ ನನ್ನ ಕೋರಿಕೆ ಇಷ್ಟೇ. ವೇದಿಕೆಯ ಮೇಲೆ ಒಂದು ಜನಪದ ಹಾಡು ಹಾಕುವ ಮೊದಲು ಆ ದನಿ ಯಾರದೆಂದು ಹುಡುಕಿ, ಹೆಸರನ್ನೂ ಊರನ್ನೂ ಕರಪತ್ರದಲ್ಲಿ ಬರೆಯಿರಿ, ನಿರೂಪಕರ ಬಾಯಲ್ಲಿ ಹೇಳಿಸಿ. ಸಮ್ಮೇಳನಕ್ಕೆಂದು ಊರಿನಿಂದ ಕಲಾವಿದರನ್ನು ಕರೆಸಲು ದುಡ್ಡು ಹೊಂದಿಸುವಾಗ ಸಿನಿಮಾ ಗಾಯಕರ ಜೊತೆ ಒಬ್ಬ ಹಾಡುಗಿತ್ತಿಯ ಟಿಕೆಟ್ಟಿಗೂ ಹೊಂದಿಸಿ. ರಜೆಗೆ ಊರಿಗೆ ಹೋದಾಗ ಅಜ್ಜಿಯೋ ಸೋದರತ್ತೆಯೋ ಹಾಡುವುದನ್ನು ಫೋನಿಗೆ ಇಳಿಸಿಕೊಳ್ಳುತ್ತೀರಲ್ಲ, ಮೊದಲು ಅವರ ಬಾಯಿಂದಲೇ ಹೇಳಿಸಿಕೊಳ್ಳಿ: ಹೆಸರು, ತವರೂರು, ಈ ಪದ ಯಾರಿಂದ ಕಲಿತದ್ದು. ನಮ್ಮ ಮನೆಯಲ್ಲಿ ಹೀಗೆ ಕೇಳಿದಾಗ ಅತ್ತೆ ತನಗೆ ಪದ ಕಲಿಸಿದ ಮೂವರ ಹೆಸರು ಹೇಳಿದರು. ಒಬ್ಬರ ಮಗಳು ಇನ್ನೂ ಅದೇ ಊರಿನಲ್ಲಿದ್ದಾರೆ, ಹಾಡುತ್ತಾರೆ.